ಹೊತ್ತು ಗೊತ್ತು

“ಹೊತ್ತು ಗೊತ್ತು ಇಲ್ಲದೆ ಬರುತ್ತಾನೆ” ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರತಕ್ಕದ್ದು. ಜೋಡಿಯಾಗಿ ಆಡುವುದರಿಂದ ಈ ಎರಡು ಪದಗಳ ಅರ್ಥವೂ ಒಂದೇ ಎಂದು ತೋರಬಹುದು. ಆದರೆ ಅವು ಬೇರೆ ಬೇರೆ. ಹೊತ್ತು ಸೂರ್ಯನಿಗೆ ಸೇರಿದ್ದು. ಅದು ಮೂಡುತ್ತದೆ, ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಗೊತ್ತು ಮನುಷ್ಯರಿಗೆ ಸೇರಿದ್ದು. ನಾಲ್ಕು ಜನ ಕೂಡಿ ಇಂಥ ಕೆಲಸ ಇಂಥ ವೇಳೆಗೆ ಆಗಬೇಕೆಂದು ನಿಶ್ಚಯಿಸಿಕೊಂಡಾಗ ಅದು ಹುಟ್ಟುತ್ತದೆ. ಹಿಂದೆ ಒಂದೊಂದು ಊರಿನ ಗೊತ್ತೂ ಆ ಊರಿನ ಹೊತ್ತನ್ನು ಹಿಂಬಾಲಿಸುತ್ತಿದ್ದಿತು. ಸುಮಾರು ನೂರೈವತ್ತು ವರ್ಷಗಳಿಂದೀಚೆಗೆ ಇವೆರಡರ ನಂಟು ಸಡಿಲವಾಯಿತು. ಮೊದಲು ರೈಲುಗಾಡಿ ಮತ್ತು ತಂತಿ, ಆಮೇಲೆ ಗಿರಣಿ, ಕೊನೆಗೆ ರೇಡಿಯೋ ಈ ಬದಲಾವಣೆಯನ್ನು ನಮ್ಮ ಮನೆಯ ಹೊಸ್ತಿಲಿಗೆ ತಂದುವು. ಅದು ಹೇಗಾಯಿತು, ಅದರಿಂದ ಯಾರಿಗೆ ಏನು ದೊರೆಯಿತು, ಯಾರು ಏನು ತೆತ್ತರು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಗಡಿಯಾರವಿಲ್ಲದ ಕಾಲದಲ್ಲಿ ಜನರಿಗೆ ವೇಳೆಯ ಪರಿವೆಯೇ ಇರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ನಡುಹಗಲು, ಇಳಿಹೊತ್ತು, ಗೋಧೂಳಿ, ದೀಪ ಹಚ್ಚುವ ಹೊತ್ತು, ಉಂಡು ಮಲಗುವ ಹೊತ್ತು, ಸರಿರಾತ್ರಿ—ಹೀಗೆ ಹಗಲಿರುಳಿನ ಒಂದೊಂದು ಮೂಲೆಗೂ ನಮ್ಮವರು ಹೆಸರಿಟ್ಟಿದ್ದರು. ಈ ಹೆಸರುಗಳಲ್ಲಿ ಹಲವಕ್ಕೆ ಒಂದು ಕೆಲಸವೇ ಗುರುತು. ಹೊತ್ತೆಷ್ಟೆಂದು ಕೇಳಿದವನಿಗೆ ಒಂದು ಸಂಖ್ಯೆಯ ಬದಲು, ಊರಿನಲ್ಲಿ ಆಗ ಏನು ನಡೆದಿದೆ ಎಂಬುದೇ ಉತ್ತರವಾಗಿ ದೊರೆಯುತ್ತಿತ್ತು.

ಇನ್ನೂ ಸೂಕ್ಷ್ಮವಾದ ಅಳತೆ ಬೇಕಾದಾಗ ಗಳಿಗೆ ಬಟ್ಟಲು ಇದ್ದೇ ಇತ್ತು. ತೆಳುವಾದ ತಾಮ್ರದ ಬಟ್ಟಲು. ಅದರ ತಳದಲ್ಲಿ ಒಂದು ಸಣ್ಣ ತೂತು. ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಅದನ್ನು ತೇಲಬಿಟ್ಟರೆ ತೂತಿನಿಂದ ನೀರು ಮೆಲ್ಲಮೆಲ್ಲನೆ ಒಳಹೊಕ್ಕು, ಕೊನೆಗೆ ಬಟ್ಟಲು ಮುಳುಗುವುದು. ಅದು ಮುಳುಗಲು ಹಿಡಿಯುವ ಕಾಲವೇ ಒಂದು ಗಳಿಗೆ, ಎಂದರೆ ಈಗಿನ ೨೪ ನಿಮಿಷ. ಅಂಥ ೬೦ ಗಳಿಗೆ ಸೇರಿದರೆ ಒಂದು ಹಗಲು ಒಂದು ಇರುಳು. ಏಳೂವರೆ ಗಳಿಗೆಗೆ ಒಂದು ಜಾವ. ಗಳಿಗೆ ಎಂಬ ಪದದ ಮೂಲವಾದ ಘಟಿಕಾ ಎಂಬುದಕ್ಕೆ ಸಣ್ಣ ಮಡಕೆಯೆಂದೇ ಅರ್ಥ. ಪಾತ್ರೆಯ ಹೆಸರು ಕಾಲದ ಹೆಸರಾಯಿತು. ಉತ್ತರದ ಪಟ್ಟಣಗಳಲ್ಲಿ ಗಳಿಗೆಗೊಮ್ಮೆ ಕಂಚಿನ ತಟ್ಟೆಯನ್ನು ಬಾರಿಸಿ ಜನರಿಗೆ ಹೊತ್ತು ತಿಳಿಸುವುದಕ್ಕಾಗಿಯೇ ಆಳುಗಳಿದ್ದರೆಂದು ಬಾಬರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಭಾಸ್ಕರಾಚಾರ್ಯನ ಮಗಳು ಲೀಲಾವತಿ ಗಳಿಗೆ ಬಟ್ಟಲಿಗೆ ಬಾಗಿ ನೋಡುತ್ತಿದ್ದಾಗ ಅವಳ ಒಡವೆಯ ಮುತ್ತೊಂದು ಬಿದ್ದು ತೂತು ಮುಚ್ಚಿಹೋಗಿ, ಮುಹೂರ್ತ ಮೀರಿತೆಂಬ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಅದು ಕಥೆಯೇ ಇರಬಹುದು. ಆದರೂ ಯಂತ್ರ ಕೆಟ್ಟರೆ ಬಾಳು ಕೆಡುತ್ತದೆಂಬ ಅಂಜಿಕೆ ರೈಲಿಗಿಂತ ಬಹಳ ಹಳೆಯದೆಂಬುದನ್ನು ಅದು ತೋರಿಸುತ್ತದೆ.

ಈಗ ನಾವು ಬಳಸುವ ಗಂಟೆ, ನಿಮಿಷ ಎಂಬ ಪದಗಳಾದರೂ ಹೊಸ ಕೆಲಸಕ್ಕೆ ನೇಮಕವಾದ ಹಳೆಯ ಪದಗಳು. ಗಂಟೆಯೆಂದರೆ ಬಾರಿಸುವ ಗಂಟೆ. ನಿಮಿಷವೆಂದರೆ ರೆಪ್ಪೆ ಬಡಿಯುವಷ್ಟು ಹೊತ್ತು. ರೆಪ್ಪೆಯ ಬಡಿತವನ್ನು ೬೦ ಸೆಕೆಂಡಿಗೆ ಹಿಗ್ಗಿಸಿದ್ದು ಹೊಸ ಗಡಿಯಾರ. ಹಾಗಿದ್ದರೂ ಮನೆಗೆ ಬಂದವರಿಗೆ “ಒಂದು ಗಳಿಗೆ ಕೂತುಕೊಳ್ಳಿ” ಎಂದು ಇಂದಿಗೂ ಹೇಳುತ್ತೇವೆ. ಹೇಳುವವರಿಗೂ ಕೇಳುವವರಿಗೂ ಅದು ೨೪ ನಿಮಿಷವೆಂಬ ಲೆಕ್ಕವಿಲ್ಲ.

ಈ ಹಳೆಯ ಕ್ರಮದ ಒಂದು ಮುಖ್ಯ ಲಕ್ಷಣವನ್ನು ಮರೆಯಬಾರದು. ಪ್ರತಿಯೊಂದು ಊರಿಗೂ ಅದರದೇ ಆದ ಮಧ್ಯಾಹ್ನವಿತ್ತು. ಭೂಮಿ ೨೪ ಗಂಟೆಗಳಲ್ಲಿ ೩೬೦ ಅಂಶ ತಿರುಗುವುದರಿಂದ ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದ ಅಂತರ ಬೀಳುತ್ತದೆ. ಕೋಲಾರದವರ ನೆತ್ತಿಯ ಮೇಲೆ ಬಂದ ಸೂರ್ಯ ಬೆಂಗಳೂರಿನವರ ನೆತ್ತಿಗೆ ಬರಲು ಎರಡು ನಿಮಿಷ ಬೇಕು. ಮಂಗಳೂರಿಗೆ ಬರಲು ಸುಮಾರು ೧೩ ನಿಮಿಷ. ಕಾರವಾರಕ್ಕೆ ೧೬ ನಿಮಿಷ. ಕಾಲುನಡಿಗೆಯಲ್ಲಿಯೋ ಎತ್ತಿನ ಗಾಡಿಯಲ್ಲಿಯೋ ಪ್ರಯಾಣ ಮಾಡುವವರಿಗೆ ಈ ಅಂತರದಿಂದ ಏನೂ ತೊಂದರೆಯಿರಲಿಲ್ಲ. ಗಾಡಿ ಊಟವಾದ ಮೇಲೆ ಹೊರಡುವುದು, ಕತ್ತಲಾಗುವುದರೊಳಗೆ ಛತ್ರ ಸೇರುವುದು. ಇಷ್ಟಕ್ಕೆ ನಿಮಿಷದ ಹಂಗೇಕೆ?

ನಿಮಿಷದ ಹಂಗು ಬಂದದ್ದು ಹಳಿಯ ಮೇಲೆ. ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯಿಂದ ಠಾಣೆಗೆ ರೈಲು ಓಡಿತು. ೧೮೫೬ರಲ್ಲಿ ಮದರಾಸಿನ ಕಡೆ, ೧೮೬೪ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದಿತು. ಎದುರುಬದುರಾಗಿ ಬರುವ ಎರಡು ಗಾಡಿಗಳಿಗೆ ಒಂದೇ ಹಳಿಯಿದ್ದಾಗ ಒಂದು ನಿಲ್ದಾಣದ ಹತ್ತು ಗಂಟೆಯೂ ಮುಂದಿನ ನಿಲ್ದಾಣದ ಹತ್ತು ಗಂಟೆಯೂ ಬೇರೆಯಾದರೆ ಆಗುವ ಅನಾಹುತವನ್ನು ಬೇರೆ ಹೇಳಬೇಕಾಗಿಲ್ಲ. ೧೮೭೦ರಲ್ಲಿ ಮುಂಬಯಿಯ ಹಳಿಯೂ ಕಲಕತ್ತೆಯ ಹಳಿಯೂ ಜಬ್ಬಲಪುರದಲ್ಲಿ ಕೂಡಿದುವು. ಆ ಎರಡು ನಗರಗಳ ಗಡಿಯಾರಗಳಿಗೆ ಒಂದು ಗಂಟೆಗಿಂತಲೂ ತುಸು ಹೆಚ್ಚಿನ ಅಂತರ. ಯಾರ ಹೊತ್ತನ್ನು ಹಿಡಿಯುವುದು?

ಇದಕ್ಕೆ ದೊರೆತ ಪರಿಹಾರ ಮದರಾಸಿನ ಕಾಲ. ಅಲ್ಲಿ ೧೭೯೨ರಿಂದ ನಕ್ಷತ್ರಗಳನ್ನು ನೋಡಿ ಗಡಿಯಾರವನ್ನು ತಿದ್ದುವ ವೇಧಶಾಲೆಯೊಂದಿತ್ತು. ಮದರಾಸು ಮುಂಬಯಿಗೂ ಕಲಕತ್ತೆಗೂ ಹೆಚ್ಚುಕಡಿಮೆ ನಡುವಿನ ರೇಖಾಂಶದಲ್ಲಿದೆ. ಆದುದರಿಂದ ಎರಡು ಕಡೆಯವರಿಗೂ ಅರ್ಧ ಗಂಟೆಯ ಆಸುಪಾಸಿನ ವ್ಯತ್ಯಾಸ ಮಾತ್ರ. ಮದರಾಸಿನ ವೇಳೆ ತಂತಿಯ ಮೂಲಕ ದೇಶದ ರೈಲು ನಿಲ್ದಾಣಗಳನ್ನು ಮುಟ್ಟತೊಡಗಿತು. ಇತಿಹಾಸದಲ್ಲಿ ಮೊದಲ ಬಾರಿಗೆ ಊರಿನ ಹೊತ್ತು ಊರಿನ ಆಕಾಶದಿಂದ ಬರುವುದನ್ನು ಬಿಟ್ಟು ಬೇರೊಂದು ಊರಿನಿಂದ ಬಂದಿತು.

ಕನ್ನಡ ನಾಡಿನಲ್ಲಿಯೂ ಹಳಿ ಹಬ್ಬಿದಂತೆ ಈ ಹೊಸ ಹೊತ್ತು ಹಬ್ಬಿತು. ಬೆಂಗಳೂರಿನಿಂದ ಹೊರಟ ಹಳಿ ಮದ್ದೂರು, ಮಂಡ್ಯಗಳನ್ನು ದಾಟಿ ೧೮೮೨ರಲ್ಲಿ ಮೈಸೂರು ಸೇರಿತು. ಆ ದಶಕದಲ್ಲಿಯೇ ಸದರನ್ ಮರಾಠಾ ರೈಲ್ವೆ ಹುಬ್ಬಳ್ಳಿ ಧಾರವಾಡಗಳ ಕಡೆಗೆ ಬಂದಿತು. ಮಂಗಳೂರು ೧೯೦೭ರವರೆಗೆ ಕಾಯಬೇಕಾಯಿತು. ಮದರಾಸಿನ ಕಾಲ ಬೆಂಗಳೂರಿನ ಸೂರ್ಯನಿಗಿಂತ ಸುಮಾರು ೧೧ ನಿಮಿಷ ಮುಂದೆ. ಮೈಸೂರಿನ ಸೂರ್ಯನಿಗಿಂತ ೧೪ ನಿಮಿಷ, ಧಾರವಾಡದ ಸೂರ್ಯನಿಗಿಂತ ೨೧ ನಿಮಿಷ ಮುಂದೆ. ನೆರಳನ್ನು ನೋಡಿ ಮನೆಯಿಂದ ಹೊರಟವನಿಗೆ ಗಾಡಿ ತಪ್ಪಲು ಇಷ್ಟು ಸಾಕು. ರೈಲು ಯಾರಿಗೂ ಕಾಯುವುದಿಲ್ಲವೆಂಬುದು ಜನರು ಕಲಿತ ಹೊಸ ಪಾಠ. ಎತ್ತಿನ ಗಾಡಿಯವನು ಪರಿಚಯದವನು, ಕೂಗಿದರೆ ನಿಲ್ಲಿಸುತ್ತಿದ್ದನು. ಉಗಿಬಂಡಿಗೆ ಪರಿಚಯವೆಂಬುದಿಲ್ಲ. ಅದರ ಈ ನಿರ್ದಾಕ್ಷಿಣ್ಯದಲ್ಲಿ ಒಂದು ಸಮತೆಯೂ ಇದ್ದಿತೆಂಬುದನ್ನು ಒಪ್ಪಬೇಕು. ತಡವಾಗಿ ಬಂದರೆ ಜಮೀನ್ದಾರನೂ ಕೂಲಿಯವನೂ ಹಳಿಯ ಬದಿಯಲ್ಲಿ ಒಟ್ಟಿಗೆ ನಿಲ್ಲಬೇಕಾಗುತ್ತಿತ್ತು.

ಹಳಿಯ ಪಕ್ಕದ ಹಳ್ಳಿಗಳಲ್ಲಿ ರೈಲೇ ಗಡಿಯಾರವಾಯಿತು. ಬೆಳಗಿನ ಗಾಡಿ ಹೋದೊಡನೆ ಮಜ್ಜಿಗೆ ಕಡೆಯುವುದು, ಸಂಜೆಯ ಗಾಡಿಯ ಶಿಳ್ಳು ಕೇಳಿದೊಡನೆ ದನ ಹೊಡೆಯುವುದು—ಹೀಗೆ ಹಳೆಯ ಕೆಲಸಗಳು ಹೊಸ ಗುರುತಿಗೆ ಅಂಟಿಕೊಂಡುವು. ಪಟ್ಟಣಗಳಲ್ಲಿ ಗಡಿಯಾರದ ಗೋಪುರಗಳು ಎದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗಾಗಿ ೧೯೨೭ರಲ್ಲಿ ನಿಂತ ಮೈಸೂರಿನ ದೊಡ್ಡ ಗಡಿಯಾರ ಇವುಗಳಲ್ಲಿ ನಮಗೆ ಚಿರಪರಿಚಿತವಾದದ್ದು.

ರೈಲಿನ ಹೊತ್ತು ಪ್ರಯಾಣಿಕನಿಗೆ ಮಾತ್ರ ತಗಲುತ್ತಿತ್ತು. ಊರಿಗೆಲ್ಲ ಅದನ್ನು ತಗಲಿಸಲು ಹೋದಾಗ ಜಗಳ ಹುಟ್ಟಿತು. ಮುಂಬಯಿಯ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ ೧೮೮೧ರಲ್ಲಿ ಮದರಾಸಿನ ಕಾಲವನ್ನು ಸರ್ಕಾರಿ ಕಚೇರಿಗಳಿಗೆ ವಿಧಿಸಿದಾಗ ನಗರದವರು ಅದನ್ನು ಒಪ್ಪಲಿಲ್ಲ. ೧೮೮೩ರಲ್ಲಿ ಸರ್ಕಾರ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಅನಂತರ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ, ೮೨½ ಅಂಶ ಪೂರ್ವ ರೇಖಾಂಶದ ಈಗಿನ ಪ್ರಮಾಣ ಕಾಲ ಬಂದಿತು. ೧೯೦೬ರ ಜನವರಿ ೧ರಂದು ಅದು ಸಾರ್ವಜನಿಕವಾಗಿ ಜಾರಿಗೆ ಬಂದಾಗ ಮುಂಬಯಿಯ ಗಡಿಯಾರಗಳು ೩೯ ನಿಮಿಷ ಮುಂದೆ ಹಾರಬೇಕಾಯಿತು.

ಆ ೩೯ ನಿಮಿಷವೆಂದರೇನೆಂಬುದು ಎಲ್ಲರಿಗಿಂತ ಮೊದಲು ತಿಳಿದದ್ದು ಗಿರಣಿಯ ಕೂಲಿಗಳಿಗೆ. ಬೆಳಗಿನ ಆರು ಗಂಟೆಗೆ ಕೆಲಸಕ್ಕೆ ಬರಬೇಕೆಂಬುದು ನಿಯಮವೆಂದಿಟ್ಟುಕೊಳ್ಳೋಣ. ನಿಯಮ ಬದಲಾಗಲಿಲ್ಲ, ಗಡಿಯಾರ ಮಾತ್ರ ಬದಲಾಯಿತು. ಆದರೆ ಮೈಗೆ ಗಡಿಯಾರದ ಮುಳ್ಳು ಕಾಣದು. ಜನವರಿಯ ಕತ್ತಲಿನಲ್ಲಿ ಮುಕ್ಕಾಲು ಗಂಟೆಯಷ್ಟು ಮುಂಚೆ ಎದ್ದು, ಗಂಜಿ ಕಾಯಿಸಿ, ಮಕ್ಕಳನ್ನು ಬಿಟ್ಟು ಹೊರಡಬೇಕು. ಆ ಜನವರಿಯಲ್ಲಿಯೇ ಹತ್ತಿಯ ಗಿರಣಿಯ ಸಾವಿರಾರು ಕೆಲಸಗಾರರು ಇದನ್ನು ವಿರೋಧಿಸಿ ಬೀದಿಗಿಳಿದರು, ಕಲ್ಲುಗಳು ಹಾರಿದುವು. ಮುಂಬಯಿಯ ನಗರಸಭೆ ತನ್ನ ಗಡಿಯಾರಗಳಲ್ಲಿ ಮುಂಬಯಿಯ ಕಾಲವನ್ನೇ ಉಳಿಸಿಕೊಂಡಿತು. ರೈಲಿಗೊಂದು ಹೊತ್ತು, ನಗರಸಭೆಗೊಂದು ಹೊತ್ತು ಎಂಬ ಈ ಇಬ್ಬಂದಿ ೧೯೫೦ರ ದಶಕದವರೆಗೂ ಪೂರ್ತಿಯಾಗಿ ಅಳಿಯಲಿಲ್ಲ. ಕಲಕತ್ತೆಯೂ ತನ್ನ ಕಾಲವನ್ನು ೧೯೪೮ರವರೆಗೆ ಬಿಟ್ಟುಕೊಡಲಿಲ್ಲ.

ಇದನ್ನು ಓದುವಾಗ ಅಲ್ಪ ಕಾರಣಕ್ಕೆ ದೊಡ್ಡ ಗಲಭೆಯೆಂದು ನಗು ಬರಬಹುದು. ಆದರೆ ಆ ದಿನಗಳಲ್ಲಿ ಗಿರಣಿಗಳಿಗೆ ವಿದ್ಯುದ್ದೀಪವೂ ಬಂದಿತ್ತೆಂಬುದನ್ನು ನೆನೆಯಬೇಕು. ಮೊದಲು ಕತ್ತಲಾದೊಡನೆ ಯಂತ್ರ ನಿಲ್ಲುತ್ತಿತ್ತು. ಸೂರ್ಯನೇ ಕೂಲಿಯವನ ಪರವಾಗಿ ನಿಂತ ವಕೀಲ. ದೀಪ ಬಂದ ಮೇಲೆ ಆ ವಕೀಲನ ಮಾತು ನಡೆಯಲಿಲ್ಲ. ಕೆಲವು ಗಿರಣಿಗಳಲ್ಲಿ ದಿನದ ದುಡಿಮೆ ೧೪ ಗಂಟೆ ಮೀರಿತು. ನಮ್ಮ ಕಡೆಯೂ ಹೀಗೆಯೇ ಹೊಸ ಬೆಳಕು ಬರುತ್ತಿತ್ತು. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನೆಲದಡಿಯಲ್ಲಿ ದುಡಿಯುವ ಗಣಿಯವನಿಗೆ ಹಗಲೂ ಒಂದೇ, ಇರುಳೂ ಒಂದೇ. ಅಂಥವನ ಪಾಲಿಗೆ ಹೊತ್ತೆಂಬುದು ಗಣಿಯ ಕೂಗೊಂದೇ.

ಆದರೆ ಯಾವ ಗಡಿಯಾರ ಕೂಲಿಯವನನ್ನು ಕಟ್ಟಿಹಾಕಿತೋ ಅದೇ ಗಡಿಯಾರ ಮುಂದೆ ಅವನ ಸಾಕ್ಷಿಯಾಯಿತು. ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ನಡೆಸಿದ ಹೋರಾಟದಿಂದ ೧೮೯೦ರಲ್ಲಿಯೇ ಗಿರಣಿಗಳಿಗೆ ಭಾನುವಾರದ ಬಿಡುವು ದೊರೆತಿತ್ತು. ೧೯೧೧ರ ಕಾಯಿದೆ ಬಟ್ಟೆಯ ಗಿರಣಿಗಳಲ್ಲಿ ಗಂಡಸರ ದುಡಿಮೆಯನ್ನು ದಿನಕ್ಕೆ ೧೨ ಗಂಟೆಗೆ ಮಿತಿಗೊಳಿಸಿತು. ೧೯೨೨ರ ಕಾಯಿದೆ ವಾರಕ್ಕೆ ೬೦ ಗಂಟೆಯೆಂದಿತು. ೧೯೩೪ರದು ೫೪ ಗಂಟೆಯೆಂದಿತು. ೧೯೪೮ರದು ೪೮ ಗಂಟೆಯೆಂದಿತು. “ಹೊತ್ತು ಮುಳುಗುವ ತನಕ” ಎಂಬ ಒಪ್ಪಂದದಲ್ಲಿ ಈ ಬಗೆಯ ಲೆಕ್ಕ ಸಾಧ್ಯವೇ ಇರಲಿಲ್ಲ. ಇಬ್ಬರೂ ನಂಬುವ ಒಂದು ಗಡಿಯಾರವಿದ್ದರೆ ತಾನೆ “ನನ್ನ ಎಂಟು ಗಂಟೆ ಮುಗಿಯಿತು” ಎಂದು ಎದ್ದುಬರಲು ಸಾಧ್ಯ? ಒಂದೇ ಯಂತ್ರ ಎರಡು ಕೆಲಸ ಮಾಡಿತು. ವ್ಯತ್ಯಾಸವಾದದ್ದು, ಗೊತ್ತುಮಾಡುವಾಗ ದುಡಿಯುವವನ ಮಾತಿಗೂ ಎಡೆಯಿತ್ತೇ ಇಲ್ಲವೇ ಎಂಬುದರಲ್ಲಿ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ದೀಪದ ಖರ್ಚು ಉಳಿಸುವುದಕ್ಕಾಗಿ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಮತ್ತೊಂದು ಗಂಟೆ ಮುಂದಿಟ್ಟಿತು. ೧೯೪೨ರಿಂದ ೧೯೪೫ರ ಅಕ್ಟೋಬರಿನವರೆಗೆ ಮಂಗಳೂರಿನವರ ನೆತ್ತಿಗೆ ಸೂರ್ಯ ಬರುವಾಗ ಗಡಿಯಾರದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯಾಗಿರುತ್ತಿತ್ತು. ಹೊತ್ತು ಮತ್ತು ಗೊತ್ತು ಅಷ್ಟು ದೂರವಾದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಇಲ್ಲಿಯವರೆಗೆ ಹೊಸ ಹೊತ್ತಿನ ಠಾವುಗಳೆಲ್ಲ ಮನೆಯ ಹೊರಗೇ ಇದ್ದುವು: ನಿಲ್ದಾಣ, ಗೋಪುರ, ಕಚೇರಿ, ಗಿರಣಿಯ ಬಾಗಿಲು. ಗೋಡೆ ಗಡಿಯಾರವಿದ್ದ ಮನೆಗಳು ಕೆಲವೇ. ಅದೂ ದಿನಕ್ಕೆ ಎರಡು ಮೂರು ನಿಮಿಷ ಹಿಂದೆಯೋ ಮುಂದೆಯೋ ಓಡುತ್ತಿತ್ತು. ಅದನ್ನು ತಿದ್ದಬೇಕಾದರೆ ಯಾರಾದರೂ ಹೊರಗೆ ಹೋಗಿ ಸರಿಯಾದ ವೇಳೆಯನ್ನು ನೋಡಿಕೊಂಡು ಬರಬೇಕು. ಈ ಕೊರತೆಯನ್ನು ನೀಗಿದ್ದು ರೇಡಿಯೋ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕಿದ್ದ ಆಕಾಶವಾಣಿ ಎಂಬ ಹೆಸರನ್ನೇ ಮುಂದೆ ದೇಶದ ಪ್ರಸಾರ ಸಂಸ್ಥೆಯೂ ತಾಳಿತು. ಧಾರವಾಡದ ನಿಲಯ ೧೯೫೦ರಲ್ಲಿ, ಬೆಂಗಳೂರಿನದು ೧೯೫೫ರಲ್ಲಿ ಕೆಲಸ ತೊಡಗಿದುವು.

ವಾರ್ತೆಗೆ ಮುನ್ನ ಕೇಳಿಬರುವ ಪುಟ್ಟ ನಾದದಿಂದ ಮನೆಯಲ್ಲಿ ಆದ ಬದಲಾವಣೆಯನ್ನು ಯಾರೂ ಇತಿಹಾಸವೆಂದು ಬರೆದಿಡಲಿಲ್ಲ. ಆದರೆ ಅದು ಇತಿಹಾಸವೇ ಸರಿ. ಆ ನಾದ ಕೇಳಿದೊಡನೆ ಯಜಮಾನರು ಗೋಡೆಯ ಗಡಿಯಾರದ ಮುಳ್ಳನ್ನು ಸರಿಪಡಿಸುವರು. ಅಡಿಗೆಮನೆಯಲ್ಲಿ ಕೈಗಡಿಯಾರವಿಲ್ಲದ, ಗೋಪುರವನ್ನು ಕಂಡಿರದ ಗೃಹಿಣಿಗೂ ಅದೇ ಕ್ಷಣದಲ್ಲಿ, ಅದೇ ಖಚಿತತೆಯಿಂದ ವೇಳೆ ತಿಳಿಯುವುದು. ಒಲೆಯ ಮುಂದಿನಿಂದ ಏಳದೆಯೇ ಅವಳು ಬೆಳಗಿನ ವಾರ್ತೆಯೊಳಗೆ ಅನ್ನ ಇಳಿಸಬೇಕು, ಚಿತ್ರಗೀತೆ ಮುಗಿಯುವುದರೊಳಗೆ ಮಕ್ಕಳ ಜಡೆ ಹೆಣೆಯಬೇಕು ಎಂದು ಲೆಕ್ಕ ಹಾಕುವಳು. ಹಳೆಯ “ದೀಪ ಹಚ್ಚುವ ಹೊತ್ತಿ”ನಂತೆಯೇ “ವಾರ್ತೆಯ ಹೊತ್ತು” ಎಂಬ ಹೊಸ ಹೊತ್ತೊಂದು ಹುಟ್ಟಿತು. ಬೀದರಿನ ಮನೆಯೂ ಚಾಮರಾಜನಗರದ ಮನೆಯೂ ಒಂದೇ ಕ್ಷಣದಲ್ಲಿ ಒಂದೇ ಮಾತನ್ನು ಕೇಳಿದುವು. ೧೯೫೬ರ ನವೆಂಬರ್ ೧ರಂದು ನಕ್ಷೆಯ ಮೇಲೆ ಒಂದಾದ ಕನ್ನಡಿಗರು ದಿನದಿನವೂ ಒಂದಾಗಿ ಕಿವಿಗೊಡುವ ವೇಳೆಯೊಂದು ಅವರಿಗೆ ದೊರೆಯಿತು.

ಅಲ್ಲಿಂದ ಹೊತ್ತು ಮಣಿಕಟ್ಟಿಗೆ ಬಂದಿತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಎಚ್. ಎಂ. ಟಿ. ೧೯೬೧ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳನ್ನು ತಯಾರಿಸತೊಡಗಿದ ಮೇಲೆ, ಪರದೇಶದ ದುಬಾರಿ ವಸ್ತುವಾಗಿದ್ದ ಗಡಿಯಾರ ನೌಕರಿ ಸಿಕ್ಕಿದವನ ಕೈಗೂ ಮದುವೆಯ ವರನ ಕೈಗೂ ಏರಿತು. ಬೆಳಿಗ್ಗೆ ಎದ್ದು ಗಡಿಯಾರಕ್ಕೆ ಕೀಲಿ ಕೊಡುವುದು ಒಂದು ನಿತ್ಯಕರ್ಮವಾಯಿತು. ಕೀಲಿ ಬೇಡದ ಕ್ವಾರ್ಟ್ಸ್ ಗಡಿಯಾರಗಳು ಬಂದುವು. ಆಮೇಲೆ ಗಡಿಯಾರವೇ ಬೇಡವೆನಿಸುವ ಮೊಬೈಲ್ ಫೋನು ಬಂದಿತು. ೨೦೧೬ರಲ್ಲಿ ಸರ್ಕಾರ ಎಚ್. ಎಂ. ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಈಗ ಸೆಕೆಂಡಿನ ಅಳತೆಗೆ ಸೂರ್ಯನೂ ಬೇಕಾಗಿಲ್ಲ. ೧೯೬೭ರಿಂದ ಸೀಸಿಯಂ ಪರಮಾಣುವಿನ ೯,೧೯೨,೬೩೧,೭೭೦ ಕಂಪನಗಳ ಕಾಲಕ್ಕೆ ಒಂದು ಸೆಕೆಂಡೆಂದು ಹೆಸರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಅಂಥ ಗಡಿಯಾರಗಳು ದೇಶದ ವೇಳೆಯನ್ನು ಕಾಯುತ್ತಿವೆ.

ಅಷ್ಟಾದರೂ ಹಳೆಯ ಪ್ರಶ್ನೆ ತೀರಿಲ್ಲ. ಕಚ್ಛದಿಂದ ಅರುಣಾಚಲದವರೆಗೆ ಸೂರ್ಯನ ಲೆಕ್ಕದಲ್ಲಿ ಸುಮಾರು ಎರಡು ಗಂಟೆಯ ಅಂತರವಿದ್ದರೂ ಗಡಿಯಾರ ಒಂದೇ. ಅಸ್ಸಾಮಿನ ಚಹಾ ತೋಟಗಳಲ್ಲಿ ಒಂದು ಗಂಟೆ ಮುಂದಿರುವ “ಬಾಗಾನ್ ಟೈಮ್” ಎಂಬುದೊಂದು ರೂಢಿಯಲ್ಲಿ ಉಳಿದಿದೆ; ಈಶಾನ್ಯಕ್ಕೆ ಬೇರೆ ಕಾಲ ಬೇಕೆಂಬ ಬೇಡಿಕೆ ಆಗಾಗ ಏಳುತ್ತದೆ. ನಮ್ಮಲ್ಲಿಯೂ ಅಂತರ ಅಳಿದಿಲ್ಲ. ವರ್ಷದ ಸರಾಸರಿಯಲ್ಲಿ ನಿಜವಾದ ಮಧ್ಯಾಹ್ನ ಬೆಂಗಳೂರಿಗೆ ೧೨ ಗಂಟೆ ೨೦ ನಿಮಿಷಕ್ಕೆ, ಮೈಸೂರಿಗೆ ೧೨-೨೩ಕ್ಕೆ, ಧಾರವಾಡಕ್ಕೆ ೧೨-೩೦ಕ್ಕೆ, ಕಾರವಾರಕ್ಕೆ ೧೨-೩೩ಕ್ಕೆ ಆಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂದು ಅಚ್ಚಾಗಿರುವುದು ಎಲ್ಲೆಲ್ಲಿಯೂ ಆರು ಗಂಟೆಗೇ ಸೂರ್ಯೋದಯವಾಗುತ್ತದೆಂಬ ಎಣಿಕೆಯ ಮೇಲೆ. ಸೂರ್ಯನು ಅದನ್ನು ಒಪ್ಪಿಕೊಂಡಂತೆ ಕಾಣುವುದಿಲ್ಲ.

ಹೊತ್ತಿಗೂ ಗೊತ್ತಿಗೂ ರಾಜಿಯಾದ ಒಂದು ಜಾಗ ಮಾತ್ರ ನಮ್ಮ ಮನೆಗಳಲ್ಲಿಯೇ ಉಂಟು. ಅದು ಲಗ್ನಪತ್ರಿಕೆ. ಲಗ್ನವನ್ನು ಗೊತ್ತುಮಾಡುವಾಗ ಜೋಯಿಸರು ಮದುವೆ ನಡೆಯುವ ಊರಿನ ಸೂರ್ಯೋದಯವನ್ನೇ ಹಿಡಿದು ಗಳಿಗೆಗಳನ್ನು ಎಣಿಸುತ್ತಾರೆ. ಅಲ್ಲಿಯವರೆಗೆ ಅದು ಆ ಊರಿನ ಹೊತ್ತು. ಪತ್ರಿಕೆಯಲ್ಲಿ ಅಚ್ಚಾಗುವಾಗ ಅದು ಗಂಟೆ ನಿಮಿಷಗಳಾಗುತ್ತದೆ; ಏಕೆಂದರೆ ನೆಂಟರು ನಾಲ್ಕು ದಿಕ್ಕಿನಿಂದ ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಬರಬೇಕು. ಊರಿನ ಆಕಾಶವನ್ನು ಬಿಡದೆ ದೂರದವರನ್ನೂ ಕರೆಯುವ ಈ ಜಾಣ್ಮೆ ದೊಡ್ಡ ಕಾರ್ಯಗಳಿಗೂ ಮಾದರಿಯಾಗಬಲ್ಲುದು. ಶಾಲೆಯ ಗಂಟೆಯನ್ನೋ, ನಲ್ಲಿಗೆ ನೀರು ಬಿಡುವ ವೇಳೆಯನ್ನೋ, ಕಾರ್ಖಾನೆಯ ಪಾಳಿಯನ್ನೋ ನಿಶ್ಚಯಿಸುವವರು ಮುಳ್ಳಿನ ಜೊತೆಗೆ, ಆ ವೇಳೆಗೆ ಎದ್ದು ಬರಬೇಕಾದವರ ಮನೆಯ ಕತ್ತಲು ಬೆಳಕನ್ನೂ ಒಮ್ಮೆ ನೋಡಿದರೆ ೧೯೦೬ರ ಮುಂಬಯಿಯ ಗಿರಣಿಯವರ ಅಳಲು ವ್ಯರ್ಥವಾಗಲಿಲ್ಲವೆನ್ನಬಹುದು.